ಬಚ್ಚಲ ಕಿಟಕಿಯ ಹಾಡು

ಮಧುಗಿರಿಯಿಂದ ಪಾವಗಡಕ್ಕೆ ದಿನಾ ಓಡಾಡುವವರು ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ, ಇಲ್ಲವೆ ಮಾತಾಡುತ್ತಾರೆ. ನನಗೆ ಕೂತಲ್ಲಿ ನಿದ್ದೆ ಬರುವುದಿಲ್ಲ. ಅಕ್ಕ ತೀರಿಕೊಂಡ ಮೇಲೆ ಮಾತೂ ಕಡಿಮೆಯಾಗಿತ್ತು. ನಾನು ಪಾವಗಡದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಗಿನಿಂದ ಸಂಜೆವರೆಗೆ ಜನರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆಯುವುದು, ಪರೀಕ್ಷೆ ಮಾಡಿ ರಿಪೋರ್ಟು ಕೊಡುವುದು ನನ್ನ ಕೆಲಸ. ಅದೇ ಆಸ್ಪತ್ರೆಯ ಒಬ್ಬ ನರ್ಸು ಮಿಡಿಗೇಶಿಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕೂರುತ್ತಿದ್ದಳು. ಇನ್ನೂ ಮದುವೆಯಾಗದ, ಸದಾ ಏನಾದರೊಂದು ಕೇಳುತ್ತಲೇ ಇರುವ ಹುಡುಗಿ. ಒಂದು ದಿನ ತನ್ನ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗೆ ಸಿಕ್ಕಿಸಿ, "ಸುಮ್ನೆ ಒಂದ್ಸಲ ಕೇಳಿ ಮೇಡಂ, ಹೆಂಗೈತೆ ಅಂತ" ಅಂದಳು.

ಅದು ಶಿರಾ ಕಡೆಯ ಒಬ್ಬ ಹುಡುಗನ ಹಾಡು. ಕಡಲೆಕಾಯಿ ಸುಲಿಯಲು ಹೋಗುವ ತಾಯಿಯ ಸೀಳಿದ ಉಗುರಿನ ಮೇಲೆ ತಾನೇ ಕಟ್ಟಿ ತಾನೇ ಹಾಡಿದ್ದ. ಒಂದು ಗಿಟಾರು, ಒಂದು ತಮಟೆ, ಅಷ್ಟೆ. ನಡುವೆ ಎಲ್ಲೋ ಕುಕ್ಕರ್ ಕೂಗಿತು. ಅದನ್ನು ಅಳಿಸುವ ಗೋಜಿಗೂ ಹೋಗಿರಲಿಲ್ಲ. ನನ್ನನ್ನು ಹಿಡಿದದ್ದು ಆ ಕುಕ್ಕರಿನ ಕೂಗೇ. ಹಾಡುವವನು ಒಂದು ಮನೆಯೊಳಗೆ ಕೂತಿದ್ದಾನೆ, ಆ ಮನೆಯಲ್ಲಿ ಅನ್ನಕ್ಕಿಟ್ಟಿದ್ದಾರೆ, ಅವನ ತಾಯಿ ಅಲ್ಲೇ ಇದ್ದಾಳೆ ಅನ್ನುವುದು ಆ ಒಂದು ಸದ್ದಿನಿಂದ ಗೊತ್ತಾಗುತ್ತಿತ್ತು.

ಅವತ್ತಿನಿಂದ ನಮ್ಮಿಬ್ಬರಿಗೆ ಅದೇ ಚಟವಾಯಿತು. ಕಂಪನಿಯ ಹಂಗಿಲ್ಲದೆ ತಾವೇ ಬರೆದು, ಫೋನಿನಲ್ಲೇ ರೆಕಾರ್ಡು ಮಾಡಿ ಬಿಡುವ ಹುಡುಗರು ನಮ್ಮ ಸೀಮೆಯಲ್ಲಿ ಇಷ್ಟೊಂದು ಜನ ಇದ್ದಾರೆಂದು ನಾನು ಎಣಿಸಿಯೇ ಇರಲಿಲ್ಲ. ಕೊಡಿಗೇನಹಳ್ಳಿಯ ಒಬ್ಬಳು ಹಿಂದೂಪುರದ ಬಸ್ಸಿಗೆ ಕಾಯುತ್ತಾ ನಿಂತ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮೇಲೆ ಹಾಡಿದ್ದಳು. ಹಳೆಯ ಸೋಬಾನೆಯ ಧಾಟಿ, ಮಾತೆಲ್ಲ ಹೊಸದು. ನಾವು ಚಿಕ್ಕವರಿದ್ದಾಗ ರೇಡಿಯೋದಲ್ಲಿ ಬರುತ್ತಿದ್ದ ಜಾನಪದ ಗೀತೆಗಳಲ್ಲಿ ಎಲ್ಲರೂ ನಗುತ್ತಾ ಪೈರು ನೆಡುತ್ತಿದ್ದರು. ಇವರ ಹಾಡುಗಳಲ್ಲಿ ಯಾರೂ ಹಾಗೆ ನಗುತ್ತಿರಲಿಲ್ಲ.

ಒಂದು ಬೆಳಗ್ಗೆ ನರ್ಸು ಸೀಟಿಗೆ ಕೂರುವ ಮೊದಲೇ, "ಇವತ್ತಿಂದು ನಮ್ ಪಾವಗಡದ್ದೇ ಮೇಡಂ. ಕೇಳಿ ಅತ್ತುಬುಟ್ಟೆ ನಾನು" ಅಂದಳು. ಫೋನಿನಲ್ಲಿ ಮುಖ ಇರಲಿಲ್ಲ, ಬರೀ ಒಂದು ಬೋಳು ಗುಡ್ಡದ ಚಿತ್ರ. ಮೊದಲು ತಮಟೆಯನ್ನು ಬೆರಳ ತುದಿಯಲ್ಲಿ ಮುಟ್ಟಿದಂತೆ ಸದ್ದು, ಆಮೇಲೆ ಹೆಣ್ಣು ಧ್ವನಿ.

"ಚಿಲಕ ಬಿದ್ದ ಮನೆಯೊಳಗೆ ಕಿಟಕಿಯೊಂದು ತೆರೆದಿತ್ತು,
ಕಿಟಕಿಯಾಗೆ ಬಂತಲ್ಲೋ ನಮ್ಮವ್ವನ ಕೈಯಿ.
ಊದಿದ ಕೈಗೆ ಬಳೆಯಿಲ್ಲ, ಒದ್ದೆ ಕೈಗೆ ಮಾತಿಲ್ಲ,
ಬಿಡಬ್ಯಾಡ ಅಂದಿತ್ತು ನಮ್ಮವ್ವನ ಕೈಯಿ."

ಎರಡನೇ ಸಾಲಿಗೇ ನನಗೆ ತಿಳಿಯಿತು. ಆ ಕೈ ನನ್ನ ಅಕ್ಕನದು. ಹಾಡುತ್ತಿದ್ದವಳು ಅವಳ ಮಗಳು. ನರ್ಸು ನನ್ನ ಮುಖ ನೋಡಿ, "ಏನಾಯ್ತು ಮೇಡಂ, ವಾಂತಿ ಬಂದಂಗೆ ಆಗ್ತೈತಾ?" ಅಂತ ಕಿಟಕಿ ಗಾಜು ಸರಿಸಿದಳು.

ಅಕ್ಕನನ್ನು ಶಿರಾ ತಾಲ್ಲೂಕಿನ ಬರಗೂರಿಗೆ ಕೊಟ್ಟಿದ್ದೆವು. ಭಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಊರಿನಲ್ಲಿ ಗೌರವಸ್ಥ. ಒಳ್ಳೆಯ ಕಂಠ ಅವರದು. ಶಾಲಾ ಮಕ್ಕಳ ಜಾನಪದ ಗೀತೆ ಸ್ಪರ್ಧೆ ಎಲ್ಲೇ ನಡೆದರೂ ತೀರ್ಪುಗಾರರ ಕುರ್ಚಿ ಅವರಿಗೆ ಮೀಸಲು. ಒಬ್ಬಳೇ ಮಗಳಿಗೂ ಅವರೇ ಹಾಡು ಕಲಿಸಿದರು. ಉಚ್ಚಾರ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ಆ ಮಗಳು ತುಮಕೂರಿನಲ್ಲಿ ಓದುವಾಗ ತಿರುಮಣಿಯ ಒಬ್ಬ ಹುಡುಗನನ್ನು ಮೆಚ್ಚಿದಳು. ಅವನೂ ಓದಿದವನು, ಚೆನ್ನಾಗಿ ತಮಟೆ ಬಾರಿಸುತ್ತಿದ್ದ, ಕೇರಿಯವನು. ಅವರ ಮನೆಯಲ್ಲಿ ದೇವರ ಗೂಡಿನ ಜಾಗದಲ್ಲಿ ಬುದ್ಧನ ಪಟ. ಇಬ್ಬರೂ ರಿಜಿಸ್ಟರ್ ಮದುವೆಯಾದರು. ಭಾವ ಕೂಗಾಡಲಿಲ್ಲ, ಹೊಡೆಯಲಿಲ್ಲ. "ಇನ್ಮೇಲೆ ಈ ಮನೇಲಿ ಅವಳ ಹೆಸರು ಎತ್ತಂಗಿಲ್ಲ" ಅಂದರು. ಅಷ್ಟೇ. ಮರುದಿನ ಎಂದಿನಂತೆ ಪಾಠಕ್ಕೆ ಹೋದರು.

ಅಕ್ಕನಿಗೆ ಕಿಡ್ನಿ ಕೈಕೊಟ್ಟಿತು. ಕೈಕಾಲು ಊದಿಕೊಂಡವು. ಗಾಜಿನ ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಸುದ್ದಿ ತಿಳಿದು ಮಗಳು ಪಾವಗಡದಿಂದ ಬಸ್ಸು ಬದಲಾಯಿಸಿಕೊಂಡು ಬರಗೂರಿಗೆ ಬಂದಳು. ಅವಳು ಬೀದಿಯ ತಿರುವಿನಲ್ಲಿ ಕಂಡಾಗಲೇ ಭಾವ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದರು. ಹಜಾರದಲ್ಲಿ ಕುರ್ಚಿ ಎಳೆದುಕೊಂಡು ಪೇಪರು ಬಿಡಿಸಿ ಕೂತರು. ಅಕ್ಕ ಗೋಡೆ ಹಿಡಿದು ಹಿಡಿದು ಹಿಂದಿನ ಬಚ್ಚಲಿಗೆ ಹೋದಳು. ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟು, ಗೂಡಿನಂಥ ಕಿಟಕಿಯ ಸರಳುಗಳ ಸಂದಿಯಿಂದ ಕೈ ಹೊರಗೆ ಚಾಚಿದಳು. ಮನೆ ಸುತ್ತಿಕೊಂಡು ಹಿತ್ತಿಲಿಗೆ ಬಂದಿದ್ದ ಮಗಳು ಆ ಕೈ ಹಿಡಿದುಕೊಂಡಳು. ಒಳಗಿನಿಂದ ಭಾವ, "ನೀರು ಹೋಗ್ತೈತಲ್ಲ, ನಲ್ಲಿ ನಿಲ್ಸು" ಅಂತ ಕೂಗುವವರೆಗೆ ಹಿಡಿದೇ ಇದ್ದಳು. ಇದನ್ನು ಅಕ್ಕ ಆಸ್ಪತ್ರೆಯ ಮಂಚದಲ್ಲಿ ನನಗೊಬ್ಬಳಿಗೇ ಹೇಳಿದ್ದಳು. "ಅವಳ ಮುಖ ಕಾಣ್ಲಿಲ್ಲ ಕಣೆ, ಕಿಟಕಿ ಎತ್ತರದಲ್ಲಿತ್ತು" ಅಂದಿದ್ದಳು.

ಅಕ್ಕ ಹೋದ ದಿನ ಮಗಳು, ಅಳಿಯ ಇಬ್ಬರೂ ಬಂದು ಬಸ್‌ಸ್ಟಾಪಿನ ಹೊಂಗೆಮರದ ಕೆಳಗೆ ನಿಂತಿದ್ದರು. ಬೀದಿಗೆ ಕಾಲಿಟ್ಟರೆ ಹೆಣ ಎತ್ತುವುದಿಲ್ಲ ಎಂದು ಭಾವ ಹೇಳಿ ಕಳಿಸಿದ್ದರು. ನಾನು ಹೋಗಿ ಅವರ ಜೊತೆ ನಿಂತೆ. ಊರ ಕೇರಿಯಿಂದ ಕರೆಸಿದವರು ಹೆಣದ ಮುಂದೆ ತಮಟೆ ಬಾರಿಸುತ್ತಾ ನಮ್ಮೆದುರೇ ಹಾದುಹೋದರು. ಭಾವನಿಗೆ ತಮಟೆ ಬೇಕಿತ್ತು, ತಮಟೆಯ ಅಳಿಯ ಬೇಡವಾಗಿದ್ದ. ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ಬೆರಳುಗಳು ಮಾತ್ರ ತಮಗೆ ತಾವೇ ತೊಡೆಯ ಮೇಲೆ ತಾಳ ಹಿಡಿದಿದ್ದವು. ಅದಾದ ಮೇಲೆ ಅವಳು ಫೋನ್ ನಂಬರು ಬದಲಾಯಿಸಿದಳು. ನಮ್ಮ ಕಡೆಯ ಯಾರಿಗೂ ಕೊಡಲಿಲ್ಲ, ನನಗೂ.

ಹಾಡು ಕೇಳಿದ ಮೇಲೆ ನನ್ನ ಪರವಾಗಿ ನರ್ಸೇ ಆ ಪೇಜಿಗೆ ಬರೆದಳು. ಆಗಷ್ಟೇ ಅವರಿಗೆ ನಾಲ್ಕು ಜನ ಕೇಳುವವರು ಹುಟ್ಟುತ್ತಿದ್ದರು, ಆದ್ದರಿಂದ ಉತ್ತರ ಬೇಗ ಬಂತು: "ಚಿಕ್ಕಮ್ಮ ಒಬ್ರೇ ಬರೋದಾದ್ರೆ ಬರ್ಲಿ."

ಒಂದು ಭಾನುವಾರ ತಿರುಮಣಿಗೆ ಹೋದೆ. ಊರಿನ ಸುತ್ತ ಸೋಲಾರ್ ಹಲಗೆಗಳು. ಅವರ ಚೂರು ಜಮೀನೂ ಅದರೊಳಗೇ ಹೋಗಿತ್ತು, ಅಳಿಯ ಅಲ್ಲೇ ಹಲಗೆ ತೊಳೆಯುವ ಕೆಲಸದವರ ಮೇಸ್ತ್ರಿ. ಬಾಗಿಲಲ್ಲಿ ಅವಳ ಅತ್ತೆ, "ರಾಮ್ಮಾ, ಕೂಸೋ. ಬಿಸ್ಲಾಗೆ ಬಂದಿದೀಯ, ಮೊದ್ಲು ನೀಳ್ಳು ತಾಗು" ಅಂತ ಚೊಂಬು ಕೊಟ್ಟರು. ಬಾ, ಕೂತ್ಕೋ, ನೀರು ಕುಡಿ ಅಂತ. ಆ ಮನೆಯ ಮಾತು ಹಾಗೇ, ಅರ್ಧ ಕನ್ನಡ ಅರ್ಧ ತೆಲುಗು.

ಒಳಕೋಣೆಯ ಗೋಡೆಗೆಲ್ಲ ಹಳೇ ರಗ್ಗುಗಳನ್ನು ನೇತುಹಾಕಿದ್ದರು. ಹೊರಗಿನ ಸದ್ದು ಬರಬಾರದೆಂದು. ಅದೇ ಅವರ ಸ್ಟುಡಿಯೋ. ಅಕ್ಕನ ಮಗಳು ಸೊರಗಿದ್ದಳು. ನನ್ನನ್ನು ನೋಡಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಅವಳ ಗಂಡನೇ ಮಾತು ತೆಗೆದ. "ಹಾಡು ನಾನು ಕಟ್ಟು ಅಂತ ಹೇಳ್ಲಿಲ್ಲ ಚಿಕ್ಕಮ್ಮ. ಇವಳು ಪಾತ್ರೆ ತೊಳೀತಾ ಗುನುಗ್ತಿದ್ಲು. ನಲ್ಲಿ ಬುಟ್ಟಾಗೆಲ್ಲ ಗುನುಗೋಳು. ನಾನು ತಮಟೆ ತಗಂಡು ಪಕ್ಕ ಕುಂತೆ, ಅಷ್ಟೆಯ."

"ಜನ ಏನ್ ಕೇಳ್ತಾರೆ ಗೊತ್ತಾ ಚಿಕ್ಕಮ್ಮ?" ಅಂದಳು ಅವಳು. "ಆ ಕೈಲಿ ನಿಮ್ಮವ್ವ ಏನ್ ಕೊಟ್ರು, ಒಡವೆ ಕೊಟ್ರಾ ಅಂತ ಬರೀತಾರೆ. ಏನೂ ಕೊಡ್ಲಿಲ್ಲ. ಬರೀ ಕೈ. ಅದ್ರಾಗೆ ಅವಳಿಗೆ ಶಕ್ತೀನೇ ಇರ್ಲಿಲ್ಲ, ನಾನೇ ಹಿಡಕಂಡಿದ್ದೆ."

"ನಿಮ್ಮಪ್ಪ ಕೇಳಿದ್ರೆ?" ಅಂದೆ.

"ಕೇಳ್ಲಿ ಅಂತ ಹಾಡ್ಲಿಲ್ಲ. ಬ್ಯಾಡ ಅಂತಾನೂ ಹಾಡ್ಲಿಲ್ಲ. ಆ ಮನುಷ್ಯ ನನ್ನ ಲೆಕ್ಕದಾಗೇ ಇಲ್ಲ."

ಅವತ್ತು ಇಬ್ಬರೂ ಕೂತು ನನಗಾಗಿ ಹಾಡಿದರು. ಸೋಲಾರ್ ಹಲಗೆಗಳ ನೆರಳಲ್ಲಿ ಕುರಿ ಮೇಯಿಸುವವಳ ಹಾಡು, ಆಮೇಲೆ ಅಕ್ಕನ ಹಾಡು. ಅತ್ತೆ ಹೊಸಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಅಕ್ಕ ಸತ್ತ ಮೇಲೆ ನನಗೆ ತವರು ಅನ್ನಿಸಿದ ಮನೆ ಅದೊಂದೇ.

ಆಮೇಲೆ ಆ ಹಾಡು ನಮ್ಮ ಕೈಮೀರಿ ಓಡಿತು. ಯಾರೋ ಅದಕ್ಕೆ ತಮ್ಮ ತಾಯಿಯ ಫೋಟೊ ಜೋಡಿಸಿದರು, ಅದನ್ನು ನೋಡಿ ಇನ್ಯಾರೋ ಜೋಡಿಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ, ಟೀ ಅಂಗಡಿಯಲ್ಲಿ, ಆಟೋದಲ್ಲಿ ಅದೇ. ಮಧುಗಿರಿಯ ಒಂದು ಛತ್ರದಲ್ಲಿ ಹೆಣ್ಣು ಒಪ್ಪಿಸುವಾಗ ಸ್ಪೀಕರಿನಲ್ಲಿ ಅದನ್ನೇ ಹಾಕಿದರು. ಗಂಡಿನ ಕಡೆಯವರು ಐಸ್‌ಕ್ರೀಮ್ ತಿನ್ನುತ್ತಾ, "ಎಷ್ಟ್ ಚೆನ್ನಾಗೈತೆ" ಅಂದರು. ಆ ಹೆಣ್ಣಿನ ತಾಯಿ ಕೈತುಂಬ ಬಳೆ ತೊಟ್ಟು ಅಲ್ಲೇ ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಸಿಟ್ಟು ಮಾಡುವುದು? ಚೆನ್ನಾಗಿದೆ ಅಂದವರು ಸುಳ್ಳೇನೂ ಹೇಳುತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಅಕ್ಕನಿಗೆ ಎಡೆ ಇಡಲು ಬರಗೂರಿಗೆ ಹೋಗಿದ್ದೆ. ಅಕ್ಕನ ಫೋಟೊದ ಮುಂದೆ ಬಾಳೆ ಎಲೆ ಹಾಕಿ, ಭಾವ ಕರ್ಪೂರ ಹಚ್ಚುತ್ತಿದ್ದರು. ಅವರ ಜೇಬಿನಿಂದ "ಚಿಲಕ ಬಿದ್ದ ಮನೆಯೊಳಗೆ" ಅಂತ ಅಕ್ಕನ ಮಗಳ ಧ್ವನಿ ಎದ್ದಿತು. ನಾನು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಭಾವ ನಿಧಾನವಾಗಿ ಫೋನ್ ತೆಗೆದು, "ಆಮೇಲ್ ಮಾಡ್ತೀನಿ, ಎಡೆ ಇಡ್ತಾ ಇದೀವಿ" ಅಂತ ಹೇಳಿ ಮತ್ತೆ ಜೇಬಿಗಿಟ್ಟರು.

"ಇದೇನ್ ಭಾವ?"

"ನಮ್ ಹುಡುಗಿ ಹಾಡು ಕಣಮ್ಮ. ನೀನು ಕೇಳಿಲ್ವಾ? ನನ್ನ ಹಳೇ ಶಿಷ್ಯರೆಲ್ಲ ಫೋನ್ ಮಾಡಿ ಮಾಡಿ, ನಿಮ್ಮ ಮಗಳಂತಲ್ಲ ಸಾರ್ ಅಂತ ಕೇಳಿದ್ದೇ ಕೇಳಿದ್ದು. ಅವರೇ ಇದನ್ನ ಫೋನಿಗೆ ಹಾಕ್ಕೊಟ್ರು." ಹೆಸರು ಎತ್ತಬಾರದು ಅಂದವರ ಬಾಯಲ್ಲಿ ಈಗ 'ನಮ್ ಹುಡುಗಿ'.

ನನಗೆ ತಡೆಯಲಾಗಲಿಲ್ಲ. "ಆ ಕೈ ಕಿಟಕೀಲಿ ಯಾಕೆ ಬಂತು ಭಾವ? ಚಿಲಕ ಯಾರು ಹಾಕಿದ್ರು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಕ್ಷಣ ಅವರು ಕುಸಿಯುತ್ತಾರೆ ಅಂದುಕೊಂಡೆ. ಇಲ್ಲ. ತರಗತಿಯಲ್ಲಿ ದಡ್ಡ ಮಕ್ಕಳಿಗೆ ಬಿಡಿಸಿ ಹೇಳುವ ದನಿಯಲ್ಲಿ, "ಅದು ಕವಿಸಮಯ ಕಣಮ್ಮ. ಹಾಡು ಅಂದ್ಮೇಲೆ ಒಸಿ ಹೆಚ್ಚುಕಮ್ಮಿ ಹೇಳ್ಬೇಕಾಗ್ತದೆ. ಅದನ್ನೇ ನಿಜ ಅಂತ ಹಿಡ್ಕೊಂಡು ಕುಂತ್ಕೊಬಾರ್ದು" ಅಂದರು. ಆಮೇಲೆ ಅಕ್ಕನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.

ಕೆಲವು ವಾರಗಳ ಮೇಲೆ ಕೊರಟಗೆರೆಯಲ್ಲಿ ಯುವಕರ ಗುಂಪೊಂದು ಹೊಸ ಹಾಡುಗಾರರ ಕಾರ್ಯಕ್ರಮ ಇಟ್ಟುಕೊಂಡಿತು. ಒಳ್ಳೆಯ ಹುಡುಗರು. ಶಾಮಿಯಾನ ಹಾಕಿಸಿ, ಸುತ್ತಲಿನ ತಾಲ್ಲೂಕುಗಳಿಂದ ಇಂಥ ಹಾಡುಗಾರರನ್ನೆಲ್ಲ ಹುಡುಕಿ ಕರೆಸಿದ್ದರು. ಕಡಲೆಕಾಯಿ ಹಾಡಿನ ಹುಡುಗನೂ ಬಂದಿದ್ದ. ನಾನು, ನರ್ಸು ಮಧ್ಯಾಹ್ನವೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಅಕ್ಕನ ಮಗಳು ವೇದಿಕೆ ಹತ್ತಿದಳು, ಹಿಂದೆ ತಮಟೆ ಹಿಡಿದು ಅವಳ ಗಂಡ. ಅವಳು ಮೈಕಿನ ಎತ್ತರ ಸರಿಮಾಡಿಕೊಳ್ಳುತ್ತಿರುವಾಗ ನಿರೂಪಕ, "ಈಗ ಒಂದು ಅಚ್ಚರಿ. ಈ ಪ್ರತಿಭೆಯನ್ನು ಬೆಳೆಸಿದ ತಂದೆಯವರು ನಮ್ಮ ನಡುವೆ ಇದ್ದಾರೆ" ಅಂದ.

ಭಾವ ಪಕ್ಕದಿಂದ ಮೆಟ್ಟಿಲು ಹತ್ತಿ ಬಂದರು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಚಪ್ಪಾಳೆಯೋ ಚಪ್ಪಾಳೆ. ಕರೆಸಿದ ಹುಡುಗರಿಗೆ ಒಳಗಿನ ಕತೆ ಏನು ಗೊತ್ತು? ಹಾಡು ಕೇಳಿ ಯಾವುದೋ ಬೇರೆ ಮನೆಯ ಚಿಲಕ ಅಂದುಕೊಂಡಿದ್ದರೋ ಏನೋ. ಅವಳು ಅಪ್ಪನನ್ನು ನೋಡಿದಳು. ಅವರಿಗೆಂದು ತಂದಿಟ್ಟ ದೊಡ್ಡ ಕುರ್ಚಿಗೆ ಬೆನ್ನು ತಿರುಗಿಸಿ ಕುರಿಯ ಹಾಡು ಹಾಡಿದಳು, ಇನ್ನೊಂದು ಹಾಡಿದಳು, ಕೈಮುಗಿದಳು.

ಜನ ಬಿಡಲಿಲ್ಲ. "ಅಕ್ಕಾ, ಕಿಟಕಿ ಹಾಡು! ಕಿಟಕಿ ಹಾಡು!"

"ಅದು ಇವತ್ತು ಆಗಲ್ಲ" ಅಂದಳು. "ಗಂಟಲು ಸರಿಯಿಲ್ಲ, ಬುಟ್ಬುಡಿ."

ಭಾವ ಎದ್ದರು. ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡು, "ಮಗಳಿಗೆ ತಾಯಿ ನೆನಪಾಗಿ ದುಃಖ ಬಂದಿದೆ, ಕ್ಷಮಿಸಬೇಕು. ಅವಳಿಗೆ ಹಾಡು ಕಲಿಸಿದವನು ನಾನೇ. ನಾನೇ ಎರಡು ಸಾಲು ಹಾಡ್ತೀನಿ" ಅಂದರು. ಹಾಡಿಯೂ ಬಿಟ್ಟರು. ವಯಸ್ಸಾದರೂ ಕಂಠ ನಡುಗಲಿಲ್ಲ. ಒಂದೊಂದು ಅಕ್ಷರವೂ ಸ್ಪಷ್ಟ.

"ಚಿಕ್ಕದಾದ ಮನೆಯೊಳಗೆ ಕಿಟಕಿಯೊಂದು ತೆರೆದಿತ್ತು..."

ಮೊದಲು ನಾನೇ ತಪ್ಪು ಕೇಳಿಸಿಕೊಂಡೆನೇನೋ ಅಂದುಕೊಂಡೆ. ಎರಡನೇ ಸಲವೂ ಹಾಗೇ ಹಾಡಿದರು. ಚಿಲಕ ಇರಲಿಲ್ಲ. ಬಡವರ ಪುಟ್ಟ ಮನೆ, ಒಂದು ಕಿಟಕಿ, ಒಬ್ಬ ಪ್ರೀತಿಯ ತಾಯಿ. ಜನ ತಾಳ ಹಾಕುತ್ತಾ ದನಿಗೂಡಿಸಿದರು. ತಾಳ ತಪ್ಪದ ಹಾಗೆ ಎರಡು ಪದದ ಜಾಗಕ್ಕೆ ಒಂದು ಪದ ಇಟ್ಟು, ಅವರು ತಮ್ಮ ಮನೆಯ ಬಾಗಿಲನ್ನು ತೆರೆದುಬಿಟ್ಟಿದ್ದರು.

ಅಳಿಯ ತಮಟೆಯನ್ನು ನೆಲಕ್ಕಿಟ್ಟ. ಅವಳು ಅವನ ಕೈ ಹಿಡಿದು ಹಿಂದಿನಿಂದ ಇಳಿದು ಹೋದಳು. ನಾನು ಜನರನ್ನು ದಾಟಿಕೊಂಡು ಹೊರಗೆ ಹೋಗುವಷ್ಟರಲ್ಲಿ ಅವರ ಬೈಕು ರಸ್ತೆ ಸೇರಿತ್ತು. ಹಾರ ಹಾಕಿಕೊಂಡೇ ಭಾವ ನನ್ನ ಹತ್ತಿರ ಬಂದರು.

"ಹೇಳ್ದೆ ಕೇಳ್ದೆ ಹೊಂಟೋದ್ಲಾ? ಫೋಟೊಗೆ ನಿಂತ್ಕೊಬೇಕಿತ್ತು. ಪೇಪರಿನವರು ಕಾಯ್ತಿದ್ರು."

"ಅವಳು ಬೇಕು ಅಂದ್ರೆ ತಿರುಮಣಿಗೆ ಹೋಗಿ ಭಾವ" ಅಂದೆ. "ಅವಳ ಮನೇಲಿ ಒಂದು ಲೋಟ ನೀರು ಕುಡಿದು ಬನ್ನಿ. ಆಮೇಲೆ ಮಗಳು ಅನ್ನಿ."

ಅವರು ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿ ದನಿ ತಗ್ಗಿಸಿದರು. "ಅದೆಂಗಾಯ್ತದೆ? ಹಾಡು ಬೇರೆ, ಮನೆ ಬೇರೆ ಕಣಮ್ಮ. ನಾಳೆ ನಮ್ ನೆಂಟರು ಏನಂತಾರೆ?"

ನಾನು ಹಣ್ಣಿನ ಬುಟ್ಟಿಯನ್ನು ಕಾಲಲ್ಲಿ ಒದ್ದೆ ಎಂದು ಬರೆಯಲು ಈಗ ಆಸೆಯಾಗುತ್ತದೆ. ಒದೆಯಲಿಲ್ಲ. ನರ್ಸು ನನ್ನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಎಳೆದುಕೊಂಡು ಹೋದಳು. ಅವತ್ತಿನಿಂದ ಬರಗೂರಿಗೆ ಹೋಗುವುದನ್ನು ಬಿಟ್ಟೆ. ಅಕ್ಕನಿಗೆ ಮಧುಗಿರಿಯ ನನ್ನ ಮನೆಯಲ್ಲೇ ಎಡೆ ಇಡುತ್ತೇನೆ.

ಅಕ್ಕನ ಮಗಳು ಮಾರನೇ ದಿನವೇ ಹಾಡನ್ನು ಪೇಜಿನಿಂದ ತೆಗೆದುಹಾಕಿದಳು. ಅದರಿಂದ ಉಪಯೋಗವಾಗಲಿಲ್ಲ. ಕೊರಟಗೆರೆಯಲ್ಲಿ ಫೋನು ಎತ್ತಿ ಹಿಡಿದವರೆಲ್ಲರ ಬಳಿ ಭಾವ ಹಾಡಿದ್ದು ಇತ್ತು. ಈಗ ಎಲ್ಲೆಲ್ಲೂ ಅದೇ ಉಳಿದಿದೆ. ಶಾಲೆಗಳಲ್ಲಿ ಹೆಣ್ಣುಮಕ್ಕಳು ಜಡೆಗೆ ಹೂ ಮುಡಿದು ಸಾಲಾಗಿ ನಿಂತು 'ಚಿಕ್ಕದಾದ ಮನೆಯೊಳಗೆ' ಅಂತ ಹಾಡುತ್ತಾರೆ. ಬಹುಮಾನವೂ ಬರುತ್ತದಂತೆ. ಒಮ್ಮೆ ರಕ್ತ ಕೊಡಲು ಬಂದಿದ್ದ ಒಬ್ಬ ಹೆಂಗಸು ಅದನ್ನು ಗುನುಗುತ್ತಿದ್ದಳು. "ಅದು ಚಿಲಕ ಬಿದ್ದ ಮನೆ ಕಣಮ್ಮ" ಅಂದೆ. "ಇಲ್ಲ ಬುಡಿ ಮೇಡಂ, ಚಿಕ್ಕದಾದ ಮನೇನೇ. ನನ್ ಮಗಳಿಗೆ ಸ್ಕೂಲಾಗೇ ಹೇಳ್ಕೊಟ್ಟವ್ರೆ" ಅಂದಳು.

ಅವರಿಬ್ಬರು ಹಾಡುವುದನ್ನು ನಿಲ್ಲಿಸಿಲ್ಲ, ಅದೊಂದು ಸಮಾಧಾನ. ಆದರೆ ಅವಳು ಈಗ ತೆಲುಗಿನಲ್ಲೇ ಹಾಡು ಕಟ್ಟುತ್ತಾಳೆ, ಅತ್ತೆಯ ಬಾಯಿಂದ ಕಲಿತ ತೆಲುಗು. ಕೇಳುವವರು ಮೊದಲಿಗಿಂತ ತುಂಬ ಕಡಿಮೆ. ಕನ್ನಡ ಯಾಕೆ ಬಿಟ್ಟೆ ಅಂತ ಫೋನಿನಲ್ಲಿ ಕೇಳಿದೆ.

"ಆ ಮನುಷ್ಯಂಗೆ ತೆಲುಗು ಬರಲ್ಲ ಚಿಕ್ಕಮ್ಮ" ಅಂದಳು. "ತಿದ್ದಕ್ಕಾಗಲ್ಲ."

ನನಗೂ ಸರಿಯಾಗಿ ಬರುವುದಿಲ್ಲ. ಇಷ್ಟು ವರ್ಷ ಪಾವಗಡದಲ್ಲಿ ಕೆಲಸ ಮಾಡಿ ಕಲಿತದ್ದು ಆಸ್ಪತ್ರೆಯ ತೆಲುಗು ಮಾತ್ರ. ನೋವು, ಜ್ವರ, ಊಟ ಆಯಿತಾ, ಹೆದರಬೇಡ. ಅವಳ ಹೊಸ ಹಾಡು ಬಂದಾಗಲೆಲ್ಲ ತಪ್ಪದೆ ಕೇಳುತ್ತೇನೆ. ನಡುವೆ ಎಲ್ಲೋ 'ನೊಪ್ಪಿ' ಅನ್ನುವ ಪದ ಬರುತ್ತದೆ, ನೋವು ಅಂತ. ಅದೊಂದು ಅರ್ಥವಾಗುತ್ತದೆ. ಉಳಿದದ್ದು ನನ್ನನ್ನೂ ಬಿಟ್ಟು ಮುಂದೆ ಹೋಗುತ್ತದೆ.